ಯಾವ ತೋಟಾ ‘ಪವರ್‌ಫುಲ್’?

ಫೋನಿನಲ್ಲಿ ಗೇಮ್ ಆಡುವ ಹುಡುಗರು ಕ್ಲಾಸಿನಲ್ಲಿ ಕೇಳುವ ಪ್ರಶ್ನೆ ಒಂದಿದೆ: “ಸಾರ್, ನೈನ್ ಎಂಎಂ ಪವರ್‌ಫುಲ್ಲಾ, ಫಾರ್ಟಿಫೈವಾ?” ಇದನ್ನು ಕೇಳಬಾರದು ಅಂತ ನಾನು ಗದರಿಸುವುದಿಲ್ಲ. ಆದರೆ ಯಾವ ಪರಿಮಾಣ, ಯಾವ ಏಕಮಾನ ಅಂತ ಹೇಳದೆ ‘ಪವರ್‌ಫುಲ್’ ಎಂದು ವಾದಿಸುವುದು ಕಾಲಹರಣವೇ.

ಎರಡೂ ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನ ತೋಟಾಗಳು. ಅಮೆರಿಕದ ಸೇನೆ 1911ರಿಂದ .45 ಬಳಸಿ, 1985ರಲ್ಲಿ 9 ಮಿ.ಮೀ.ಗೆ ಬದಲಾಯಿಸಿತು. ನಮ್ಮ ಸೇನೆಯ ಪಿಸ್ತೂಲೂ 9 ಮಿ.ಮೀ.ನದೇ.

ಈಗ ಲೆಕ್ಕ ಮಾಡೋಣ. 9 ಮಿ.ಮೀ. ಗುಂಡಿನ ತೂಕ ಸುಮಾರು 7.5 ಗ್ರಾಂ, ವೇಗ ಸೆಕೆಂಡಿಗೆ 360 ಮೀಟರ್. .45ರ ಗುಂಡು ಸುಮಾರು 15 ಗ್ರಾಂ, ವೇಗ 255 ಮೀಟರ್. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ. ಮೊದಲನೆಯದರ ಚಲನ ಶಕ್ತಿ 486 ಜೂಲ್, ಎರಡನೆಯದರದು 488. ಹೆಚ್ಚುಕಡಿಮೆ ಒಂದೇ! ಸಂವೇಗ ನೋಡಿದರೆ ಮಾತ್ರ 2.7 ಮತ್ತು 3.8, ಅಂದರೆ .45 ಕೈಯನ್ನು ಹಿಂದಕ್ಕೆ ಜೋರಾಗಿ ಒದೆಯುತ್ತದೆ. ಆ ಒದೆತದಿಂದಲೇ ಖಾಲಿ ಕೋಶ ಹೊರಬಿದ್ದು ಮುಂದಿನ ತೋಟಾ ಒಳಗೆ ಕೂರುವುದು. ಹಾಗಾದರೆ ಗೆದ್ದವರು ಯಾರು? ಪ್ರಶ್ನೆಯೇ ತಪ್ಪು.

ಸಿನಿಮಾದಲ್ಲಿ ಗುಂಡು ತಗುಲಿದವನು ಹತ್ತಡಿ ಹಿಂದಕ್ಕೆ ಹಾರಿ ಬೀಳ್ತಾನಲ್ಲ, ಅದು ಹಗ್ಗದ ಕೆಲಸ. 3.8ನ್ನು 60 ಕಿಲೋ ಮನುಷ್ಯನಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 6 ಸೆಂಟಿಮೀಟರ್ ವೇಗ ಬರುತ್ತದೆ, ಅಷ್ಟೇ. ಗುಂಡು ಕೊಲ್ಲುವುದು ತಳ್ಳಿ ಅಲ್ಲ, ದೇಹದೊಳಗೆ ಹರಿದು.

ನನ್ನ ಅಭಿಪ್ರಾಯದಲ್ಲಿ ಈ ‘ವೇಗದ ವರ್ಗ’ ಪಿಸ್ತೂಲಿಗಿಂತ ನಮ್ಮ ಮದುಕ್ಕರೈಗೆ ಹೆಚ್ಚು ಬೇಕು. ಇಲ್ಲಿಂದ ವಾಳಯಾರಿಗೆ ಹೋಗುವ ರೈಲು ಹಳಿ ಆನೆ ಓಡಾಡುವ ಕಾಡಿನಲ್ಲಿ ಹಾಯುತ್ತದೆ. 2021ರ ನವೆಂಬರಿನಲ್ಲಿ ನವಕ್ಕರೈ ಹತ್ತಿರ ಮಂಗಳೂರು–ಚೆನ್ನೈ ರೈಲು ಬಡಿದು ಮೂರು ಆನೆಗಳು ಸತ್ತವು. 90 ಕಿ.ಮೀ. ವೇಗದ ರೈಲನ್ನು 45ಕ್ಕೆ ಇಳಿಸಿದರೆ ಸಂವೇಗ ಅರ್ಧ ಆಗುತ್ತದೆ, ಚಲನ ಶಕ್ತಿ ಕಾಲು ಭಾಗಕ್ಕೆ ಬರುತ್ತದೆ. ಬ್ರೇಕಿನ ಬಲ ಅಷ್ಟೇ ಇದ್ದರೆ ನಿಲ್ಲಲು ಬೇಕಾದ ದೂರವೂ ಕಾಲು ಭಾಗವೇ. ಕಾಡಿನಲ್ಲಿ ರೈಲು ನಿಧಾನ ಹೋಗುತ್ತೆ ಅಂತ ಗೊಣಗುವ ದೊಡ್ಡವರು ಡಬ್ಬಿಯಲ್ಲಿ ಸಿಕ್ಕರೆ, ಈ ಲೆಕ್ಕವನ್ನು ಟಿಕೆಟ್ಟಿನ ಹಿಂದೆ ಬರೆದು ತೋರಿಸಿ.