ನಗೋದು ಯಾರು? ನಗೆಗೀಡಾಗೋದು ಯಾರು?

ಹರಿಹರದಿಂದ ಒಬ್ಬ ಓದುಗ ಮಿತ್ರರು ಕಾಗದ ಬರೆದಿದ್ದಾರೆ. "ಸಾರ್, ನೀವು ವಾರ ವಾರ ನಮ್ಮ ಸಿನಿಮಾದವರನ್ನೇ ಹೊಗಳ್ತೀರಿ, ಬೈತೀರಿ. ಇಂಗ್ಲೆಂಡಿನ ಟಿ.ವಿ. ಕಾಮಿಡಿ ಏನಾದರೂ ನೋಡಿದ್ದೀರಾ? ನಿಮಗೆ ಯಾವುದು ಇಷ್ಟ? ನಾವು ರೂಮಿನಲ್ಲಿ ನಾಲ್ಕು ಜನ ಮೊಬೈಲಿನಲ್ಲಿ 'ಮೈಂಡ್ ಯುವರ್ ಲ್ಯಾಂಗ್ವೇಜ್' ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು" ಅಂತ.

ನೋಡಿದ್ದೀನಿ ತಮ್ಮಾ, ನೋಡಿದ್ದೀನಿ! ಅದೂ ನಿಮ್ಮ ಹರಿಹರದಲ್ಲೇ! ನೀವಿನ್ನೂ ಹುಟ್ಟಿರಲಿಲ್ಲ, ಅಷ್ಟೆ.

ಅದು ಎಂಬತ್ತರ ದಶಕದ ನಡುವಿನ ಮಾತು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಸೈರನ್ನಿಗೆ ಊರೇ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕಾಲ. ನಮ್ಮ ಸೋದರಮಾವ ಅಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಅವರ ಪಕ್ಕದ ಮನೆಯವರ ಅಳಿಯ ಗಲ್ಫಿನಿಂದ ಬಂದವನು ವಿ.ಸಿ.ಆರ್. ತಂದಿದ್ದ. ಜೊತೆಗೊಂದಿಷ್ಟು ಕ್ಯಾಸೆಟ್ಟು. ಅಮಿತಾಭ್ ಬಚ್ಚನ್ ಇರುತ್ತಾನೆ ಅಂತ ನಾನು ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ಸೈಕಲ್ ತುಳಿದುಕೊಂಡು ಹೋದರೆ, ಪರದೆ ಮೇಲೆ ಅಮಿತಾಭೂ ಇಲ್ಲ, ಧರ್ಮೇಂದ್ರನೂ ಇಲ್ಲ. ಒಂದು ಕ್ಲಾಸ್ ರೂಮು! ಒಬ್ಬ ಬಿಳಿ ಮೇಷ್ಟ್ರು! ಎದುರಿಗೆ ಕೂತವರು ನಾನಾ ದೇಶದವರು. ಇಟಲಿಯವನೊಬ್ಬ, ಜಪಾನಿನವನೊಬ್ಬ, ಜರ್ಮನಿಯವಳು, ಫ್ರಾನ್ಸಿನವಳು, ಪೇಟ ಸುತ್ತಿದ ಒಬ್ಬ ಸರ್ದಾರ, ಸ್ವೆಟರ್ ಹೆಣೆಯುತ್ತಾ ಕೂತ ಒಬ್ಬ ಸೀರೆಯ ಹೆಂಗಸು. ಎಲ್ಲರೂ ಇಂಗ್ಲೀಷ್ ಕಲಿಯೋಕೆ ಬಂದಿದ್ದಾರೆ. ಯಾರಿಗೂ ಬರೋದಿಲ್ಲ. ಅದೇ ಕಥೆ!

ಹನ್ನೆರಡು ಜನ ಒಂದು ಪುಟ್ಟ ಕೋಣೆಯಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು. ತಮಾಷೆ ನೋಡಿ, ಆ ಹನ್ನೆರಡು ಜನರಲ್ಲಿ ಹನ್ನೊಂದು ಜನಕ್ಕೆ ಇಂಗ್ಲೀಷ್ ಬರುತ್ತಿರಲಿಲ್ಲ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಮೊದಲು ಆ ಧಾರಾವಾಹಿಯ ಜಾತಕ ಹೇಳಿಬಿಡುತ್ತೇನೆ. ವಿನ್ಸ್ ಪೊವೆಲ್ ಬರೆದದ್ದು. 1977ರಿಂದ 1979ರವರೆಗೆ ಲಂಡನ್ನಿನಲ್ಲಿ ಪ್ರಸಾರವಾಗಿದ್ದು 29 ಕಂತು. ಆಮೇಲೆ 1986ರಲ್ಲಿ ಮತ್ತೆ 13 ಕಂತು ತೆಗೆದರು. ಸರ್ದಾರ ರಂಜಿತ್ ಸಿಂಗ್ ಆಗಿ ಕೈ ಮುಗಿದು ಮಾತು ಮಾತಿಗೂ ಸಾವಿರ ಕ್ಷಮೆ ಕೇಳುತ್ತಿದ್ದನಲ್ಲ, ಆ ನಟ ಆಲ್ಬರ್ಟ್ ಮೋಸಸ್. ಆತ ಸರ್ದಾರನೂ ಅಲ್ಲ, ಪಂಜಾಬಿನವನೂ ಅಲ್ಲ, ಹುಟ್ಟಿದ್ದು ಶ್ರೀಲಂಕಾದಲ್ಲಿ! 1983ರ ಬಾಂಡ್ ಚಿತ್ರ 'ಆಕ್ಟೊಪಸಿ'ಯಲ್ಲೂ ಇದ್ದ, ಕಬೀರ್ ಬೇಡಿ ಇದ್ದ ಅದೇ ಚಿತ್ರ. ಪಾಕಿಸ್ತಾನಿ ಅಲಿಯಾಗಿದ್ದ ಡಿನೊ ಶಫೀಕ್ ಹುಟ್ಟಿದ್ದು ಢಾಕಾದಲ್ಲಿ. ಸೀರೆಯ ಜಮೀಲಾ ಆಗಿದ್ದ ಜಮೀಲಾ ಮ್ಯಾಸಿ ಮಾತ್ರ ನಮ್ಮ ಶಿಮ್ಲಾದಲ್ಲಿ ಹುಟ್ಟಿದಾಕೆ, ನಿಜ ಜೀವನದಲ್ಲಿ ಇಂಗ್ಲೀಷನ್ನು ನೀರು ಕುಡಿದಷ್ಟು ಸಲೀಸಾಗಿ ಆಡುವವರು. ಬಾರದವರ ಹಾಗೆ ನಟಿಸಿ ಸಂಬಳ ತಗೊಂಡರು.

ಮೇಷ್ಟ್ರು ಬ್ರೌನ್ ಆಗಿದ್ದ ಬ್ಯಾರಿ ಇವಾನ್ಸ್ ಕಥೆ ಕೇಳಿದರೆ ಮಾತ್ರ ಕರುಳು ಚುರುಕ್ ಅನ್ನುತ್ತದೆ. ಚೆಲುವ. ಆ ಕಾಲದ ಹುಡುಗಿಯರ ಕಣ್ಮಣಿ. ಆಮೇಲೆ ಪಾತ್ರಗಳು ಬರಲಿಲ್ಲ. ಕಡೆಗೆ ಲೆಸ್ಟರ್ ಸೀಮೆಯಲ್ಲಿ ಟ್ಯಾಕ್ಸಿ ಓಡಿಸಿಕೊಂಡಿದ್ದ. 1997ರಲ್ಲಿ ತನ್ನ ಮನೆಯಲ್ಲೇ ಸತ್ತು ಬಿದ್ದಿದ್ದ, 53 ವಯಸ್ಸಿಗೆ. ಮದರಾಸಿನಲ್ಲಾಗಲಿ ಗಾಂಧಿನಗರದಲ್ಲಾಗಲಿ ಲಂಡನ್ನಿನಲ್ಲಾಗಲಿ, ಬಣ್ಣ ಹಚ್ಚಿದವರ ಹಣೆಬರಹ ಒಂದೇ.

ಹರಿಹರಕ್ಕೆ ವಾಪಸ್ ಬರೋಣ. ಕ್ಯಾಸೆಟ್ ಮುಗಿಯಿತು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾ ಎದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಮಾವ. ಮನೆಗೆ ಬಂದು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂತಾಗ ಇದ್ದಕ್ಕಿದ್ದ ಹಾಗೆ ಕೇಳಿದರು:

"ಅಲ್ಲಲೇ ಅಳಿಯ, ಆ ಸರ್ದಾರಂಗೆ ತನ್ ಭಾಷೆ ಬರ್ತತಿ. ಇಂಗ್ಲೀಷೂ ಅರ್ಧಂಬರ್ಧ ಬರ್ತತಿ. ಆ ಮೇಷ್ಟ್ರಿಗೆ ಸರ್ದಾರನ್ ಭಾಷೆ ಒಂದಕ್ಷರ ಬರ್ತತೇನು?"

"ಇಲ್ಲ ಮಾವ."

"ಮತ್ತೆ ನಾವ್ ನಕ್ಕಿದ್ದು ಯಾರಿಗಲೇ?"

ನಾನು ಉತ್ತರ ಹೇಳಲಿಲ್ಲ. ಹೊಳೆದಿದ್ದರಲ್ಲವೇ ಹೇಳೋದು?

ಹೊಳೆದದ್ದು ಐದಾರು ವರ್ಷ ಬಿಟ್ಟು. ಡಿಗ್ರಿ ಮುಗಿಸಿ ಬೆಂಗಳೂರಿನ ಒಂದು ಕಚೇರಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಮೇಜಿನ ಆಚೆ ಮೂರು ಜನ. ನಾನು 'ಸ್ಕೂಲ್' ಅನ್ನೋದನ್ನ 'ಇಸ್ಕೂಲ್' ಅಂದೆನಂತೆ. ನನಗೆ ಗೊತ್ತೇ ಆಗಲಿಲ್ಲ. ನಡುವೆ ಕೂತವರು ಪಕ್ಕದವರ ಮುಖ ನೋಡಿದರು, ಅವರು ಮೀಸೆಯಲ್ಲೇ ನಕ್ಕರು. ಬೆವರು ಇಳಿಯಿತು. ಹೋಗಲಿ ಪಾಪ ಅಂತ "ಕನ್ನಡದಲ್ಲೇ ಹೇಳಿ" ಎಂದರು. ಬದುಕಿದೆ ಅಂದುಕೊಂಡು ಕನ್ನಡ ಶುರು ಮಾಡಿದರೆ, ಬಾಯಿ ತಪ್ಪಿ ಒಂದು 'ಐತಿ' ಬಂತು. ಈ ಸಲ ಮೂರೂ ಜನ ಬಾಯಿಬಿಟ್ಟೇ ನಕ್ಕರು. "ಹುಬ್ಬಳ್ಳಿ ಕಡೆಯವರಾ?" ಅಂತ ಬೇರೆ! ಆ ಹೊತ್ತು ನನಗೆ ಕಂಡವನು ರಂಜಿತ್ ಸಿಂಗ್. ಕ್ಲಾಸಿನ ಬೆಂಚಿನ ಮೇಲೆ ಕೈ ಮುಗಿದುಕೊಂಡು ಅವನ ಪಕ್ಕದಲ್ಲಿ ನಾನೇ ಕೂತಿದ್ದೆ.

ನಮ್ಮ ದಾವಣಗೆರೆ ಹರಿಹರದವರ ಪಾಡು ಇನ್ನೂ ಸೊಗಸು ಸ್ವಾಮಿ. ಬೆಂಗಳೂರಿಗೆ ಹೋದರೆ ನಾವು ಉತ್ತರದವರು. ಧಾರವಾಡಕ್ಕೆ ಹೋದರೆ "ಮೈಸೂರ್ ಕಡೆಯವ್ರೇನ್ರೀ?" ಅಂತಾರೆ. 1956ರವರೆಗೆ ಹರಿಹರದ ತುಂಗಭದ್ರೆಯ ಈ ದಂಡೆ ಮೈಸೂರು ರಾಜ್ಯ, ಆ ದಂಡೆ ರಾಣೆಬೆನ್ನೂರು ತಾಲ್ಲೂಕು ಮುಂಬಯಿ ಸರ್ಕಾರದ್ದು. ಗುಡಿಯಲ್ಲಿರೋ ದೇವರೇ ಅರ್ಧ ಹರಿ, ಅರ್ಧ ಹರ! ಆ ದೇವರ ಊರಿನವರ ನಾಲಿಗೆ ಅರ್ಧ ಆ ಕಡೆ, ಅರ್ಧ ಈ ಕಡೆ ಇದ್ದರೆ ತಪ್ಪೇನು? ದೇವರಿಗೆ ಕೈ ಮುಗಿಯುತ್ತಾರೆ, ನಮಗೆ ನಗುತ್ತಾರೆ.

ಈ ನಗೆ ವ್ಯಾಪಾರ ಎಲ್ಲ ಕಡೆಯೂ ಉಂಟು. 1968ನೇ ಇಸವಿಯನ್ನೇ ತಗೊಳ್ಳಿ. ಆ ವರ್ಷ ಹಾಲಿವುಡ್ಡಿನಲ್ಲಿ 'ದಿ ಪಾರ್ಟಿ' ಬಂತು. ಇಂಗ್ಲೆಂಡಿನ ಪೀಟರ್ ಸೆಲರ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಪೆದ್ದ ಇಂಡಿಯನ್ ನಟನಾದ. ಅದೇ ವರ್ಷ ಮುಂಬಯಿಯಲ್ಲಿ 'ಪಡೋಸನ್' ಬಂತು. ಮೆಹಮೂದ್ ಜುಟ್ಟು ಬಿಟ್ಟುಕೊಂಡು 'ಮದರಾಸಿ' ಸಂಗೀತದ ಮೇಷ್ಟ್ರಾದ. ಬಿಳಿಯರು ನಮ್ಮನ್ನು ಆಡಿಕೊಂಡರೆ ಮೈ ಉರಿಯುತ್ತದೆ. ಮೆಹಮೂದ್ ಆಡಿಕೊಂಡರೆ ಶಿಳ್ಳೆ ಹೊಡೆಯುತ್ತೇವೆ. ನಮ್ಮ ಕನ್ನಡದಲ್ಲೇನು ಕಮ್ಮಿಯೇ? ನಾಯಕ ಬೆಂಗಳೂರು-ಮೈಸೂರಿನ ತಿದ್ದಿದ ಕನ್ನಡದಲ್ಲಿ ಪ್ರೇಮ ನಿವೇದನೆ ಮಾಡುತ್ತಾನೆ. 'ಐತಿ' ಅನ್ನುವವನು ಅವನ ಮನೆ ವಾಚ್‌ಮನ್ನು, ಇಲ್ಲಾಂದ್ರೆ ಏಟು ತಿನ್ನೋ ಕಾಮಿಡಿಯನ್ನು. 1997ರಲ್ಲಿ ನಾಗಾಭರಣ 'ನಾಗಮಂಡಲ' ತೆಗೆದು ಉತ್ತರ ಕರ್ನಾಟಕದ ಮಾತಿನಲ್ಲೇ ಪ್ರೀತಿ, ಸಂಕಟ ಎಲ್ಲ ಆಡಿಸಿದಾಗ, "ಓಹೋ, ಈ ಭಾಷೆಯಲ್ಲಿ ಅಳಲಿಕ್ಕೂ ಬರುತ್ತದೆ" ಅಂತ ಕೆಲವರಿಗೆ ಆಗ ಗೊತ್ತಾಯಿತು. ನಮ್ಮ ದಾವಣಗೆರೆಯವರಿಗೆ ಇದು ಹೊಸತೇನಲ್ಲ. ಊರಿನದೇ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಚಿಂದೋಡಿ ಲೀಲಾ ಅವರ 'ಹಳ್ಳಿ ಹುಡುಗಿ' ನಾಟಕಕ್ಕೆ ಜನ ಮುಗಿಬೀಳುತ್ತಿದ್ದರು. ಆಕೆಗೆ 1988ರಲ್ಲಿ ಪದ್ಮಶ್ರೀ ಬಂತು. ನಾಟಕದ ಹೆಸರಲ್ಲೇ ನೋಡಿ, ಹಳ್ಳಿ ಹುಡುಗಿಯೇ ನಾಯಕಿ, ವಾಚ್‌ಮನ್ ಹೆಂಡತಿ ಅಲ್ಲ!

ಕಂಪನಿ ನಾಟಕದ ಮಾತು ಬಂತಲ್ಲ, ಒಂದು ಗುಟ್ಟು ಹೇಳುತ್ತೇನೆ. ಆ ಕಾಲದ ಇಂಗ್ಲೆಂಡಿನ ಟಿ.ವಿ. ಕಾಮಿಡಿಗಳನ್ನು ಹೆಚ್ಚಾಗಿ ಸ್ಟುಡಿಯೋದಲ್ಲಿ ಜನರನ್ನು ಕೂರಿಸಿಕೊಂಡೇ ಆಡುತ್ತಿದ್ದರು. ನಗು ಬಂದರೆ ನಟ ಒಂದು ಗಳಿಗೆ ತಡೆದು ಮುಂದಿನ ಮಾತು ಎಸೆಯುತ್ತಾನೆ. ನಮ್ಮ ಕಂಪನಿಯ ಹಾಸ್ಯಗಾರರು ಟೆಂಟಿನಲ್ಲಿ ಮಾಡುತ್ತಿದ್ದುದೂ ಅದೇ. ಹಾಗಾಗಿಯೇ ಭಾಷೆ ಬಾರದ ಹರಿಹರದ ಹನ್ನೊಂದು ಜನಕ್ಕೂ ಎಲ್ಲಿ ನಗಬೇಕು ಅಂತ ಗೊತ್ತಾಗಿದ್ದು!

ಇನ್ನು ನನ್ನ ಮೆಚ್ಚಿನದು ಯಾವುದು ಅಂತ ಕೇಳಿದ್ದೀರಲ್ಲ. ಕಣ್ಣು ಮುಚ್ಚಿ ಹೇಳುತ್ತೇನೆ: 'ಫಾಲ್ಟಿ ಟವರ್ಸ್'. ಬರೀ 12 ಕಂತು! 1975ರಲ್ಲಿ ಆರು, 1979ರಲ್ಲಿ ಆರು. ಸಾಕು ಅಂತ ನಿಲ್ಲಿಸಿಬಿಟ್ಟರು. ನಮ್ಮ ಧಾರಾವಾಹಿಗಳಲ್ಲಿ ಹನ್ನೆರಡು ಕಂತಿಗೆ ಸೊಸೆ ಇನ್ನೂ ಹೊಸ್ತಿಲು ದಾಟಿರೋದಿಲ್ಲ. ಬರೆದವರು ಜಾನ್ ಕ್ಲೀಸ್, ಕಾನಿ ಬೂತ್ ಎಂಬ ಗಂಡಹೆಂಡತಿ. ಎರಡನೇ ಸರಣಿ ಬರುವಷ್ಟರಲ್ಲಿ ಅವರಿಬ್ಬರ ವಿಚ್ಛೇದನವೂ ಆಗಿತ್ತು, ಆದರೂ ಜೊತೆಗೇ ಬರೆದರು, ಜೊತೆಗೇ ನಟಿಸಿದರು.

ಕಥೆ ಒಂದು ಹೋಟೆಲಿನದು. ಮಾಲೀಕ ಬೇಸಿಲ್ ಗಿರಾಕಿಗಳನ್ನು ಕಂಡರೆ ಉರಿದು ಬೀಳುವ ಆಸಾಮಿ. ಇಂಥವನು ದಾವಣಗೆರೆಯಲ್ಲಿ ಬೆಣ್ಣೆದೋಸೆ ಹೋಟೆಲ್ ಇಟ್ಟಿದ್ದರೆ ಎರಡನೇ ಸಲ ಚಟ್ನಿ ಕೇಳಿದವನ ಮೇಲೆ ಕಾವಲಿ ಎತ್ತುತ್ತಿದ್ದ! ಅಲ್ಲಿ ಮಾಣಿ ಮ್ಯಾನುಯೆಲ್, ಸ್ಪೇನ್ ದೇಶದವನು. ಇಂಗ್ಲೀಷ್ ಬಾರದು. ದಿನಾ ಏಟು ತಿನ್ನುತ್ತಾನೆ. ಆದರೆ ಗಮನಿಸಿ ನೋಡಿ, ಆ ಮನೆಯಲ್ಲಿ ಕೆಲಸ ಸರಿಯಾಗಿ ಮಾಡಬೇಕು ಅಂತ ಒದ್ದಾಡುವವನು ಮ್ಯಾನುಯೆಲ್ಲೇ. ಮೂರ್ಖನಾಗುವುದು ಮಾತ್ರ ಅಚ್ಚ ಇಂಗ್ಲೀಷ್ ಮಾತಾಡುವ ಮಾಲೀಕ. ಮ್ಯಾನುಯೆಲ್ ಆಗಿದ್ದ ಆಂಡ್ರ್ಯೂ ಸ್ಯಾಕ್ಸ್ ಹುಟ್ಟಿದ್ದು ಬರ್ಲಿನ್ನಿನಲ್ಲಿ. ತಂದೆ ಯಹೂದಿ. ಹಿಟ್ಲರನ ಕಾಟಕ್ಕೆ 1938ರಲ್ಲಿ ಎಂಟು ವರ್ಷದ ಹುಡುಗನನ್ನು ಕಟ್ಟಿಕೊಂಡು ಆ ಕುಟುಂಬ ಲಂಡನ್ನಿಗೆ ಓಡಿ ಬಂತು. ಪರದೇಶದಲ್ಲಿ ಬಾರದ ಭಾಷೆ ನಡುವೆ ನಿಲ್ಲೋದು ಅಂದರೇನು ಅಂತ ಆತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಮಜಾ! ಈ ಧಾರಾವಾಹಿ ಸ್ಪೇನಿಗೆ ಹೋದಾಗ ಡಬ್ಬಿಂಗಿನಲ್ಲಿ ಮ್ಯಾನುಯೆಲ್‌ನನ್ನು ಇಟಲಿಯವನನ್ನಾಗಿ ಮಾಡಿಬಿಟ್ಟರು. ತಮ್ಮ ಮನೆ ಮಗ ಏಟು ತಿನ್ನೋದು ಯಾರಿಗೆ ಬೇಕು? ನಮ್ಮಲ್ಲೂ 'ಮೈಂಡ್ ಯುವರ್ ಲ್ಯಾಂಗ್ವೇಜ್' ಅನ್ನು 1993ರಲ್ಲಿ ಹಿಂದಿಗೆ ತಂದು 'ಜಬಾನ್ ಸಂಭಾಲ್ ಕೆ' ಮಾಡಿದರು. ಪಂಕಜ್ ಕಪೂರ್ ಹಿಂದಿ ಮೇಷ್ಟ್ರು. ಬೆಂಚಿನ ಮೇಲೆ ಹಿಂದಿ ಬಾರದ ಬಿಳಿಯನಾಗಿ ಟಾಮ್ ಆಲ್ಟರ್! ಆತ ಮಸ್ಸೂರಿಯಲ್ಲಿ ಹುಟ್ಟಿ, ನಮಗಿಂತ ಚೊಕ್ಕಟವಾಗಿ ಉರ್ದು ಆಡುತ್ತಿದ್ದವನು.

ನೀವು ಕೇಳದೇ ಇದ್ದರೂ ಒಂದು ಗಂಭೀರ ಧಾರಾವಾಹಿಯ ಮಾತು ಹೇಳಲೇಬೇಕು. 1984ರ 'ದಿ ಜ್ಯುವೆಲ್ ಇನ್ ದಿ ಕ್ರೌನ್', 14 ಕಂತು. ಸ್ವಾತಂತ್ರ್ಯಕ್ಕೆ ಮುಂಚಿನ ಭಾರತದ ಕಥೆ. ಚಿತ್ರೀಕರಣದ ಒಂದು ಭಾಗ ನಮ್ಮ ಮೈಸೂರಿನಲ್ಲೇ ನಡೆದಿತ್ತು. ಅದರಲ್ಲಿ ಹರಿ ಕುಮಾರ್ ಅಂತ ಒಬ್ಬ ಹುಡುಗ, ಪಾತ್ರ ಮಾಡಿದ್ದು ಆರ್ಟ್ ಮಲಿಕ್. ಇಂಗ್ಲೆಂಡಿನಲ್ಲಿ ಬೆಳೆದವನು, ದೊಡ್ಡ ಶಾಲೆಯಲ್ಲಿ ಓದಿದವನು. ಇಂಗ್ಲೀಷ್ ಅಂದರೆ ಇಂಗ್ಲೀಷು, ಒಂದು ಅಕ್ಷರ ಅತ್ತಿತ್ತ ಇಲ್ಲ! ರಂಜಿತ್ ಸಿಂಗನಿಗೆ ತದ್ವಿರುದ್ಧ. ಅವನಿಗೇನಾದರೂ ಮರ್ಯಾದೆ ಸಿಕ್ಕಿತೇ? ಪೊಲೀಸ್ ಅಧಿಕಾರಿ ಮೆರಿಕ್ ಅವನನ್ನು ಹಿಡಿದು, ಕಟ್ಟಿಹಾಕಿ, ಬಾರಿಸುತ್ತಾನೆ. ಮೆರಿಕ್‌ಗೆ ಹೊಟ್ಟೆಯುರಿ ಏನು ಗೊತ್ತೇ? ಈ ಕರಿಯನ ಇಂಗ್ಲೀಷ್ ತನ್ನದಕ್ಕಿಂತ ಮೇಲಿನ ದರ್ಜೆಯದು ಅನ್ನೋದೂ ಒಂದು!

ಇದನ್ನು ನೋಡಿದ ಮೇಲೆ ಆ ಇಂಟರ್‌ವ್ಯೂ ನೆನೆದು ನಾನು ಹಲ್ಲು ಕಡಿಯೋದು ಬಿಟ್ಟೆ. ಸ್ಪೋಕನ್ ಇಂಗ್ಲೀಷ್ ಕ್ಲಾಸಿಗೆ ದುಡ್ಡು ಕಟ್ಟಿರೋ ತಮ್ಮಂದಿರೇ, ಕಲೀರಿ, ಚೆನ್ನಾಗೇ ಕಲೀರಿ. ಆದರೆ ಅವತ್ತು ಆ ಮೂರು ಜನ 'ಇಸ್ಕೂಲ್' ಇಲ್ಲದಿದ್ದರೆ ಇನ್ನೇನಕ್ಕೋ ನಗುತ್ತಿದ್ದರು.

'ಮೈಂಡ್ ಯುವರ್ ಲ್ಯಾಂಗ್ವೇಜ್' ನಿಂತಿದ್ದೂ ಇದೇ ತಕರಾರಿಗೆ. ಪರದೇಶದವರನ್ನು ಅಣಕಿಸುತ್ತದೆ ಅನ್ನಿಸಿ ಆ ಕಂಪನಿಯ ಮೈಕೇಲ್ ಗ್ರೇಡ್ 1979ರಲ್ಲಿ ಅದನ್ನು ನಿಲ್ಲಿಸಿದರು. ಒಳ್ಳೆಯದೇ ಮಾಡಿದರು ಅನ್ನಲು ನನಗೆ ಬಾಯಿ ಬಾರದು, ಯಾಕೆಂದರೆ ಇವತ್ತು ಹಾಕಿದರೂ ನಾನು ನಗುತ್ತೇನೆ. ಆ ಕ್ಲಾಸಿನಲ್ಲಿ ಎಲ್ಲರೂ ಸಮಾನ ದಡ್ಡರು, ಮೇಷ್ಟ್ರೂ ದಿನಾ ಸೋತು ಮನೆಗೆ ಹೋಗುತ್ತಾನೆ, ಅದೊಂದು ಸಮಾಧಾನ. ಸರಿಯಾದ ಜವಾಬು ಬಂದಿದ್ದು 1998ರಲ್ಲಿ, 'ಗುಡ್‌ನೆಸ್ ಗ್ರೇಷಸ್ ಮಿ' ಎಂಬ ಬಿ.ಬಿ.ಸಿ. ಕಾಮಿಡಿಯಲ್ಲಿ. ಸಂಜೀವ್ ಭಾಸ್ಕರ್, ಮೀರಾ ಸಯಾಲ್ ಇತ್ಯಾದಿ, ಎಲ್ಲ ನಮ್ಮ ಮೂಲದ ಅಲ್ಲಿನ ಮಕ್ಕಳು. ಅದರಲ್ಲೊಂದು ದೃಶ್ಯ: ಇಂಡಿಯನ್ನರ ಗುಂಪೊಂದು ಕುಡಿದುಕೊಂಡು ಇಂಗ್ಲೀಷ್ ಹೋಟೆಲಿಗೆ ನುಗ್ಗುತ್ತದೆ. ಬಿಳಿ ಮಾಣಿಯ ಹೆಸರನ್ನು ತಿರುಚಿ ಕರೆಯುತ್ತದೆ. ಕಾರವೇ ಇಲ್ಲದ, ಮಹಾ ಸಪ್ಪೆಯಾದ ಅಡುಗೆ ಯಾವುದಿದೆಯೋ ಅದನ್ನೇ ತಾ ಅಂತ ಗಲಾಟೆ ಮಾಡುತ್ತದೆ. ಅಲ್ಲಿನ ಇಂಡಿಯನ್ ಹೋಟೆಲುಗಳಲ್ಲಿ ಬಿಳಿಯರು ಆಡುವ ಆಟವನ್ನೇ ತಿರುಗಿಸಿ ಅವರ ಮುಖಕ್ಕೆ ಹಿಡಿದ ಕನ್ನಡಿ!

ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಮಾವನಿಗೆ ಈಗ ಎಂಬತ್ತರ ಹತ್ತಿರ. ಕಳೆದ ದಸರಾಕ್ಕೆ ಹರಿಹರಕ್ಕೆ ಹೋಗಿದ್ದಾಗ ಆ ಹೋಟೆಲಿನ ದೃಶ್ಯವನ್ನು ಮೊಬೈಲಿನಲ್ಲಿ ತೋರಿಸಿದೆ. ಭಾಷೆ ಇವತ್ತಿಗೂ ಬಾರದು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಮಾತು ಬಿಡಿಸಿ ಹೇಳಿದೆ. ಮಾಣಿಯ ಹೆಸರು ಕೆಡಿಸಿದ ಕಡೆ ಬಂದಾಗ ಮಾವ ಕನ್ನಡಕ ಸರಿ ಮಾಡಿಕೊಂಡರು.

"ಯಾರಿಗಲೇ ನಗೋದು ಇಲ್ಲಿ? ಆ ಬಿಳೀ ಮಾಣಿಗೇನು?"

"ಹೂಂ ಮಾವ."

"ಪಾಪ, ಅವ್ನೂ ಕೂಲಿ ಮಾಡೋನೇ ಅಲ್ಲೇನಲೇ..." ಅಂದರು. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಬೊಚ್ಚು ಬಾಯಲ್ಲಿ ನಕ್ಕು, "ಇನ್ನೊಂದ್ಸಲ ಹಾಕು ನೋಡಾಣ" ಅಂದರು.