ಕೀಲಿಮಣೆ ಸ್ತಬ್ಧವಾದಾಗ
ಯೂನಿಕ್ಸ್ ಟರ್ಮಿನಲ್‌ನಲ್ಲಿ ಕೀಲಿಗಳಿಗೆ ಏಕಾಏಕಿ ಸ್ಪಂದನೆ ನಿಂತಾಗ ದೋಷ ಎಷ್ಟೋ ಬಾರಿ ಕೀಲಿಮಣೆಯದಲ್ಲ, ದೂರದ ಸರ್ವರ್‌ನ ಕಡತಗಳನ್ನು ಸ್ಥಳೀಯ ಕಡತಗಳಂತೆಯೇ ತೋರಿಸುವ ಎನ್‌ಎಫ್‌ಎಸ್ ವ್ಯವಸ್ಥೆಯದು. ಅದನ್ನು ‘ಹಾರ್ಡ್’ ಆಯ್ಕೆಯಲ್ಲಿ ಮೌಂಟ್ ಮಾಡಿದ್ದರೆ, ಸರ್ವರ್ ಉತ್ತರಿಸದಿದ್ದರೂ ಕರ್ನಲ್ ತನ್ನ ಕೋರಿಕೆಯನ್ನು ಕೈಬಿಡದೆ ಮತ್ತೆ ಮತ್ತೆ ಕಳುಹಿಸುವುದರಿಂದ, ಅಲ್ಲಿ ಓಡಿಸಿದ ‘ಎಲ್‌ಎಸ್’ ಆದೇಶವು ಕಂಟ್ರೋಲ್-ಸಿ ಒತ್ತಿದರೂ ನಿಲ್ಲುವುದಿಲ್ಲ. ಇನ್ನೊಂದು ಟರ್ಮಿನಲ್‌ನಿಂದ ‘ಪಿಎಸ್’ ಆದೇಶ ಕೊಟ್ಟು ನೋಡಿದರೆ ಅದರ ಸ್ಥಿತಿ ‘ಡಿ’ ಎಂದು, ಅಂದರೆ ಸಾಮಾನ್ಯ ಸಂಕೇತಗಳಿಗೆ ಎಚ್ಚರಗೊಳ್ಳದ ನಿದ್ರೆ ಎಂದು ಕಾಣಿಸುತ್ತದೆ. ಲಿನಕ್ಸ್ ಕರ್ನಲ್ 2.6.25ರಿಂದೀಚೆಗೆ ‘ಕಿಲ್ -9’ ಮಾತ್ರ ಅದನ್ನು ಕೊನೆಗೊಳಿಸಬಲ್ಲದು. ಕಾಲಮಿತಿ ಮೀರಿದೊಡನೆ ಕೋರಿಕೆಯನ್ನು ಕೈಬಿಡುವ ‘ಸಾಫ್ಟ್’ ಆಯ್ಕೆ ಆಕರ್ಷಕವೆನಿಸಿದರೂ, ಬರೆಯುತ್ತಿದ್ದ ದತ್ತಾಂಶ ಸದ್ದಿಲ್ಲದೆ ಕೆಡಬಹುದಾದ್ದರಿಂದ ಮಹತ್ವದ ಕಡತಗಳಿಗೆ ಅದು ಖಂಡಿತ ಸಲ್ಲದು. ಹಾರ್ಡ್ ಮೌಂಟ್‌ನಲ್ಲಾದರೆ ಸರ್ವರ್ ಮರಳಿದೊಡನೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ.