ನಾಯಿ ಶೆಡ್ ಕಟ್ಟುವ ಮುಂಚೆ ವೈದ್ಯರು ನೋಡಿ ಬರಲಿ

ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಬೀದಿನಾಯಿಗಳನ್ನು ಆಶ್ರಯ ಕೇಂದ್ರಕ್ಕೆ ಸಾಗಿಸಿ, ವಾಪಸ್ ಅಲ್ಲೇ ಬಿಡಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಪುರಸಭೆಗಳಿಗೆ ಈಗ ಜಾಗದ ಚಿಂತೆ, ದುಡ್ಡಿನ ಚಿಂತೆ. ಆದರೆ ಶೆಡ್ ಎದ್ದರೆ ಕೆಲಸ ಮುಗೀತಾ?

ಹಸು, ಎಮ್ಮೆ, ಕುರಿ ನೋಡಿಕೊಂಡು ಬಂದ ತಾಲ್ಲೂಕು ಪಶುವೈದ್ಯರಿಗೆ ನೂರಾರು ನಾಯಿಗಳನ್ನು ಒಂದೇ ಕಡೆ ಸಾಕೋದು ಹೊಸ ಕೆಲಸ. ಹಿಡಿದು ತಂದ ನಾಯಿಯನ್ನು ನೇರವಾಗಿ ಗುಂಪಿಗೆ ಬಿಟ್ಟರೆ ಪಾರ್ವೊ, ಡಿಸ್ಟೆಂಪರ್ ಶೆಡ್ ತುಂಬಾ ಹಬ್ಬುತ್ತೆ. ಹೊಸ ನಾಯಿಗಳ ಕೋಣೆ ಎಲ್ಲಿರಬೇಕು, ನೀರು ಯಾವ ಕಡೆ ಹರೀಬೇಕು, ಆರೋಗ್ಯವಾಗಿರೋ ನಾಯಿಗಳ ಗೂಡು ಮೊದಲು ತೊಳೆದು ಕಾಯಿಲೆಯವನ್ನು ಕೊನೆಗೆ ಯಾಕೆ ತೊಳೀಬೇಕು ಅನ್ನೋದು ಸುತ್ತೋಲೆ ಓದಿದರೆ ಬರಲ್ಲ. ನಡೆಯುತ್ತಿರುವ ಕೇಂದ್ರದಲ್ಲಿ ನಿಂತು ನೋಡಬೇಕು.

ಅಂಥ ಜಾಗಗಳಿವೆ. ಜೈಪುರದ ಹೆಲ್ಪ್ ಇನ್ ಸಫರಿಂಗ್ ಸಂಸ್ಥೆ 1994ರಿಂದ ಬೀದಿನಾಯಿಗಳಿಗೆ ಸಂತಾನಹರಣ, ರೇಬೀಸ್ ಲಸಿಕೆ ಮಾಡಿಸುತ್ತಿದೆ. ಚಾಮರಾಜನಗರ ಜಿಲ್ಲೆಯ ಗಡಿ ದಾಟಿದರೆ ಸಿಗುವ ಊಟಿಯಲ್ಲಿ ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್ ವೈದ್ಯರಿಗೇ ಶಸ್ತ್ರಚಿಕಿತ್ಸೆ ತರಬೇತಿ ಕೊಡುತ್ತೆ.

ವೈದ್ಯರ ಜೊತೆ ನಾಯಿ ಹಿಡಿಯುವವರೂ ಹೋಗಿ ಬರಲಿ. ನಕ್ಷೆಗೆ ಸಹಿ ಬೀಳುವ ಮುಂಚೆ ಆ ಬಸ್ ಚಾರ್ಜು ಮಂಜೂರಾಗಲಿ. ಕಟ್ಟಿದ ಗೋಡೆ ಒಡೆದು ಮತ್ತೆ ಕಟ್ಟೋದು ಕೊನೆಗೆ ತೆರಿಗೆ ಕಟ್ಟುವ ಜನರ ದುಡ್ಡಲ್ಲೇ.